ಗಲ್ಲದ ಒಳಬದಿಗೆ

ರಾವೂರ
12 ಜೂನ್ 2023

ಚಿರಂಜೀವಿ ಜಯಮಾಲಾಳಿಗೆ ನಿನ್ನ ಆಯಿ ಅಂಬುಬಾಯಿಯ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಬೇಕೆಂದು ನಾಲ್ಕನೇ ತರಗತಿಯ ಮಾಸ್ತರು ಕಲಿಸಿದ್ದರು. ಎಲ್ಲರೂ ಕ್ಷೇಮವಿದ್ದರೆ ನಾನು ಯಾಕೆ ಕನ್ನಡಕ ಹುಡುಕಿಕೊಂಡು ಕುಂತು ಬರೆಯುತ್ತಿದ್ದೆ?

ನೀನು ಫೋನು ಮಾಡುತ್ತೀ, ಎಲ್ಲರೂ ನಗುತ್ತಾರೆ, ನನಗೆ ಒಂದಕ್ಷರ ಕೇಳುವುದಿಲ್ಲ. ಮೂವತ್ತು ವರ್ಷ ಗಣಿಯಲ್ಲಿ ಪರಸಿ ಕಲ್ಲು ಹೊತ್ತವಳ ಕಿವಿ ಬಂಡೆ ಸಿಡಿಸುವ ಮದ್ದಿನ ಸದ್ದಿಗೆ ಹೋಯಿತು. ಕಣ್ಣು ಹೋಗಿಲ್ಲ. ನನ್ನ ಮಗ, ನಿನ್ನ ಅಪ್ಪ ಭಾಗಣ್ಣ ಫೋನಿನಲ್ಲಿ ನಿನಗೆ ‘ಅರಾಮ ಇದ್ದೀನಿ’ ಎನ್ನುತ್ತಾನಂತೆ. ಸುಳ್ಳು ಹೇಳುತ್ತಾನೆ. ಅದಕ್ಕೇ ಈ ಕಾಗದ.

ಅವನು ತಂಬಾಕು ತಿಕ್ಕಿ ಕೆಳತುಟಿಯ ಹಿಂದೆ ಇಟ್ಟುಕೊಳ್ಳುತ್ತಾನಲ್ಲ, ಅಲ್ಲಿ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಎದ್ದಿದೆ. ಖಾರ ತಾಗಿದರೆ ಕಣ್ಣಲ್ಲಿ ನೀರು. ವಾಡಿಯಲ್ಲಿ ರೈಲು ಹತ್ತಿಸಿ ನಾನೇ ಅವನನ್ನು ಕಲಬುರಗಿಯ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೂರು ಕತ್ತರಿಸಿ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: ‘ಇದು ಇನ್ನಾ ಕ್ಯಾನ್ಸರ್ ಆಗಿಲ್ಲ ಅಮ್ಮಾ. ಹಾಂಗೇ ಬಿಟ್ಟರ ಆಗ್ತದ.’ ಭಾಗಣ್ಣ ನನ್ನ ಕಡೆ ತಿರುಗಿ ಹಲ್ಲು ಕಿರಿದ. ‘ಕೇಳಿದಿಲ್ಲ ಅವ್ವಾ, ಆಗಿಲ್ಲಂತ’ ಎಂದ. ಮನೆಯಲ್ಲಿ ಕಿವುಡಿ ನಾನು, ಅರ್ಧ ಮಾತು ಕೇಳುವವನು ಅವನು.

ಮೈಸೂರಿನಿಂದ ಒಂದು ಮುಲಾಮು ಬಂದಿದೆಯಂತೆ. ಬಾಯಿಯೊಳಗೆ ಹಚ್ಚಿದರೆ ಅಂಟಿಕೊಂಡು ಕೂರುತ್ತದಂತೆ. ಆರು ತಿಂಗಳು ಹಚ್ಚಿ ನೋಡುವವರ ಪಟ್ಟಿಯಲ್ಲಿ ಇವನ ಹೆಸರು ಬರೆದುಕೊಂಡರು. ಮೈಸೂರು ಎಂದ ಕೂಡಲೇ ನಾನು ‘ಅದು ನನ್ನ ಮೊಮ್ಮಗಳೇ ಮಾಡಿದ್ದು’ ಎಂದುಬಿಟ್ಟೆ. ಹೌದೋ ಅಲ್ಲವೋ ಬರೆ. ಅಲ್ಲದಿದ್ದರೆ ಆ ಡಾಕ್ಟರಮ್ಮನಿಗೆ ಮುಖ ತೋರಿಸುವುದು ಹೇಗೆ?

ನಿನ್ನ ತಾಯಿ ಸುಜಾತಾ ಹೋದಾಗ ನಿನಗೆ ಆರು ವರ್ಷ. ಉಳಿದವನು ಇವನೊಬ್ಬ. ಇವನು ಇರಬೇಕು.

ಅಂಬುಬಾಯಿ


ಮೈಸೂರು
24 ಜೂನ್ 2023

ಪ್ರೀತಿಯ ಆಯಿಗೆ ಜಯಮಾಲಾಳ ನಮಸ್ಕಾರಗಳು.

ನಿನ್ನ ಮಾನ ಉಳಿಯಿತು. ಅದು ನಮ್ಮದೇ ಮುಲಾಮು. ನಾಲ್ಕು ವರ್ಷದಿಂದ ನಾನು ಅದರಲ್ಲೇ ಮುಳುಗಿದ್ದೇನೆ. ಅಪ್ಪನಿಗೇ ಬೇಕಾಗಬಹುದು ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಮಚ್ಚೆಯನ್ನು ಈಗಲೇ ಕತ್ತರಿಸಿ ತೆಗೆಸಬೇಡಿ, ಮೊದಲು ಇದನ್ನು ಹಚ್ಚಿ.

ನೀನು ಎಲ್ಲವನ್ನೂ ಬಿಡಿಸಿ ಕೇಳುವವಳಾದ್ದರಿಂದ ಬಿಡಿಸಿಯೇ ಬರೆಯುತ್ತೇನೆ. ಬಾಯಲ್ಲಿ ಸದಾ ಎಂಜಲು ಇರುತ್ತದೆ. ಯಾವ ಔಷಧ ಹಚ್ಚಿದರೂ ಹತ್ತು ನಿಮಿಷದಲ್ಲಿ ತೊಳೆದು ಹೊಟ್ಟೆಗೆ ಹೋಗುತ್ತದೆ. ನಾವು ಸಿಗಡಿಯ ಸಿಪ್ಪೆಯಿಂದ ಒಂದು ಅಂಟು ತೆಗೆದು ಅದರಲ್ಲಿ ಔಷಧ ಬೆರೆಸಿದ್ದೇವೆ. ಒದ್ದೆ ಜಾಗ ಸಿಕ್ಕರೆ ಈ ಅಂಟು ಇನ್ನೂ ಗಟ್ಟಿ ಹಿಡಿಯುತ್ತದೆ. ಐದಾರು ಗಂಟೆ ಅಲ್ಲೇ ಕುಳಿತು ಔಷಧವನ್ನು ನಿಧಾನವಾಗಿ ಬಿಡುತ್ತದೆ. ಬಾಯಿಯ ಒಳಪದರ ಭಾಳ ತೆಳುವು, ಅದರ ಕೆಳಗೆ ರಕ್ತನಾಳಗಳ ಬಲೆಯೇ ಇದೆ. ಹೀಗೆ ಬಾಯಿಯ ಗೋಡೆಯಿಂದಲೇ ರಕ್ತಕ್ಕೆ ಇಳಿಯುವ ಔಷಧಗಳೂ ಇವೆ, ಹೊಟ್ಟೆಯ ದಾರಿ ಬೇಕಾಗಿಲ್ಲ. ಇದನ್ನು ಹೇಳಲು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ ಎಂದು ಹಾಸ್ಟೆಲಿನವರು ಓಡಿಹೋಗುತ್ತಾರೆ.

ದಿನಕ್ಕೆ ಎರಡು ಸಲ. ಹಚ್ಚಿದ ಮೇಲೆ ಒಂದು ಗಂಟೆ ನೀರು, ಚಹಾ ಬೇಡ. ತಂಬಾಕು ಬಿಡಲೇಬೇಕು. ಟ್ಯೂಬಿನ ಜೊತೆ ಕನ್ನಡದ ಚೀಟಿ ಕೊಡುತ್ತಾರೆ. ಅದನ್ನು ಬರೆದವಳು ನಾನೇ, ನನ್ನ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಸರ್ ಅಲ್ಲಲ್ಲಿ ತಿದ್ದಿದ್ದಾರೆ. ಅದರಲ್ಲಿ ಇರುವ ಹಾಗೆ ಮಾಡು. ಸೆಪ್ಟೆಂಬರಿನಲ್ಲಿ ಮೊದಲ ತಪಾಸಣೆ, ಡಿಸೆಂಬರಿನಲ್ಲಿ ಎರಡನೆಯದು, ತಪ್ಪಿಸಬೇಡಿ.

ಜಯಮಾಲಾ


ರಾವೂರ
2 ಆಗಸ್ಟ್ 2023

ಜಯೀ,

ಸಿಗಡಿ ಸಿಪ್ಪೆಯ ಅಂಟು ಎಂದು ಓದಿ ಭಾಳ ಹೊತ್ತು ನಕ್ಕೆ. ನಮ್ಮ ಹಿರಿಯರು ಕಾಗಿಣಾ ನದಿಗೆ ಬಲೆ ಬೀಸಿ, ಸಿಕ್ಕಿದ್ದನ್ನು ತಿಂದು, ಸಿಪ್ಪೆಯನ್ನು ತಿಪ್ಪೆಗೆ ಒಗೆದರು. ನೀನು ಅದೇ ತಿಪ್ಪೆ ಕೆದರಿ ಡಾಕ್ಟರಾಗುತ್ತೀ.

ಟ್ಯೂಬು ಬಂದವು. ಆಸ್ಪತ್ರೆಯಲ್ಲಿ ಅವತ್ತು ಸಂತೆಯಷ್ಟು ಜನ. ‘ಎಲ್ಲಾ ಚೀಟಿಯೊಳಗ ಅದ, ಓದಿಕೊಳ್ರಿ’ ಎಂದು ಚೀಲ ಕೈಗೆ ಕೊಟ್ಟು ಕಳಿಸಿದರು. ಓದಲು ಬರದವರ ಗತಿ ಏನೋ. ನಾನು ಅಂಗಳದಲ್ಲಿ ಕುಂತು ಮೂರು ಸಲ ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯ ಮುಜಾಹಿದ್‌ನ ಹೆಂಡತಿ ನಾಹಿದ ಬಂದು, ‘ಅಮ್ಮಾ, ನಮ್ಮ ಮುಜಾಹಿದ್ ಬಾಯಾಗೂ ಹಿಂಗೇ ಬೆಳ್ಳಗ ಆಗ್ಯದ, ಮುಂದಿನ ಪಟ್ಟಿಗೆ ಅವರ ಹೆಸರು ಹಚ್ಚಸ್ತೀರೇನು?’ ಎಂದಳು. ಮೊದಲು ನಮ್ಮ ಪೈಲವಾನನ ಬಾಯಿ ಆಗಲಿ ಎಂದೆ.

ಬೆಳಿಗ್ಗೆ ಗಣಿಗೆ ಹೋಗುವ ಮೊದಲು ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ. ಕಲ್ಲು ಒಡೆದು ಒಡೆದು ಅವನ ಬೆರಳು ಕಲ್ಲೇ ಆಗಿವೆ, ಅದಕ್ಕೆ ನಾನೇ ಹಚ್ಚುತ್ತೇನೆ. ನಲವತ್ತೆಂಟು ವರ್ಷದ ಗಂಡಸು ತಾಯಿಯ ಮುಂದೆ ಬಾಯಿ ತೆರೆದು ಕೂರುವುದನ್ನು ನೋಡಲು ಓಣಿಯ ಮಕ್ಕಳು ಸಾಲು ನಿಲ್ಲುತ್ತವೆ. ನೀನು ಬರೆದಂತೆ ಗಲ್ಲದ ಒಳಬದಿಗೆ ಬೆರಳ ತುದಿಯಷ್ಟು ಹಚ್ಚಿ, ಒತ್ತಿ ಹಿಡಿದು ನೂರು ಎಣಿಸುತ್ತೇನೆ. ಮೊದಲ ದಿನ ‘ಅವ್ವಾ, ಅಲ್ಲಿ ಬ್ಯಾಡ, ಇಲ್ಲಿ ಹಚ್ಚು’ ಎಂದು ನನಗೇ ಕಲಿಸಲು ಬಂದ. ‘ಮಗಳು ಅಷ್ಟು ಓದಿ ಬರದಾಳ, ನೀ ಸಾಲ್ಯಾಗ ಮೂರನೆತ್ತ ಫೇಲು. ಸುಮ್ಮ ಬಾಯಿ ತಗಿ’ ಎಂದೆ. ತೆಗೆದ. ಆಮೇಲೆ ಸೊಲ್ಲೆತ್ತಿಲ್ಲ.

ಅಂಟು ಮಾತ್ರ ಖರೇ ಗಟ್ಟಿ. ಮಧ್ಯಾಹ್ನ ರೊಟ್ಟಿ ತಿನ್ನುವಾಗಲೂ ನಾಲಿಗೆಗೆ ಸಿಗುತ್ತದಂತೆ. ನಿನ್ನ ಕೈಗುಣ ದೊಡ್ಡದು.

ಅಂಬುಬಾಯಿ


ಮೈಸೂರು
19 ಆಗಸ್ಟ್ 2023

ಆಯಿ,

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೂರು ಎಣಿಸುವುದನ್ನು ಕೇಳಿ ಸರ್, ‘ನಿಮ್ಮಜ್ಜೀನ ಇಲ್ಲಿಗೆ ಕರ್ಸಮ್ಮ, ನರ್ಸುಗಳಿಗೆ ಪಾಠ ಮಾಡಲಿ’ ಎಂದರು.

ಗಲ್ಲಕ್ಕೆ ನೀನು ಹಚ್ಚುತ್ತಿರುವ ರೀತಿ ಸರಿಯಾಗಿದೆ. ಹೀಗೆಯೇ ಮುಂದುವರಿಸು. ಜಾಗ ಸರಿಯಿದ್ದರೆ ಸಾಕು, ಉಳಿದದ್ದನ್ನು ಅಂಟು ನೋಡಿಕೊಳ್ಳುತ್ತದೆ. ಇಲ್ಲಿಯ ಇಬ್ಬರಿಗೆ ಆಗಲೇ ಮಚ್ಚೆ ತೆಳುವಾಗಿದೆ. ಅಪ್ಪನದೂ ಆಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ. ಮನಸ್ಸು ಹೇಳುವುದನ್ನು ಬರೆಯಬಾರದು ಎಂದು ನಮಗೆ ಕಲಿಸಿದ್ದಾರೆ, ಆದರೂ ಬರೆದೆ.

ತಪಾಸಣೆಗೆ ಹೋಗಿ ಬಂದು ತಿಳಿಸು.

ಜಯಮಾಲಾ


ರಾವೂರ
3 ಡಿಸೆಂಬರ್ 2023

ಜಯೀ,

ಮೂರು ಕಾಗದಕ್ಕೆ ಒಂದೇ ಉತ್ತರ. ಬೇಸರ ಮಾಡಿಕೊಳ್ಳಬೇಡ. ಜೋಳದ ಹೊಲದ ಕೆಲಸಕ್ಕೆ ಹೋಗುತ್ತಿದ್ದೆ.

ತಪಾಸಣೆಗೆ ಹೋಗಿ ಬಂದ. ಚಲೋ ಅದ ಅಂದರಂತೆ. ಗಲ್ಲ ಒಳಗೆ ಬೆಣ್ಣೆಯಂತೆ ಮೆತ್ತಗಿದೆ. ನಾನು ದಿನಕ್ಕೆ ಎರಡು ಸಲ ಬಿಟ್ಟಿಲ್ಲ. ಮಚ್ಚೆ ಏನಾಯಿತು ಎಂದು ಕೇಳಿದ್ದೀ. ಇದ್ದಲ್ಲೇ ಇದೆ.

ಚಳಿ ಬಿದ್ದಿದೆ. ನೀನು ಸ್ವೆಟರ್ ಹಾಕಿಕೋ.

ಅಂಬುಬಾಯಿ


ಮೈಸೂರು
6 ಫೆಬ್ರುವರಿ 2024

ಆಯಿ,

ಕಲಬುರಗಿಯಿಂದ ಇವತ್ತು ಪಟ್ಟಿ ಬಂತು. ಹೆಸರಿರುವುದಿಲ್ಲ, ನಂಬರು ಮಾತ್ರ. ಏಳನೇ ನಂಬರು: ನಲವತ್ತೆಂಟು ವರ್ಷ, ಗಣಿ ಕೂಲಿ, ರಾವೂರ. ಸೆಪ್ಟೆಂಬರಿನಲ್ಲಿ ಬಂದಿಲ್ಲ. ಡಿಸೆಂಬರಿನಲ್ಲಿ ಬಂದಿಲ್ಲ. ಜನವರಿಯಲ್ಲಿ ರಕ್ತ ಸೋರುತ್ತದೆ ಎಂದು ಬಂದ. ಮತ್ತೆ ಕತ್ತರಿಸಿ ನೋಡಿದರು. ಕ್ಯಾನ್ಸರ್.

ಅಪ್ಪನ ರೋಗವನ್ನು ನಾನು ಒಂದು ಪಟ್ಟಿಯ ಏಳನೇ ಸಾಲಿನಲ್ಲಿ ಓದಬೇಕಾಗಿತ್ತೆ? ‘ಹೋಗಿ ಬಂದ, ಚಲೋ ಅದ’ ಎಂದು ನಿನ್ನ ಕೈಯಾರೆ ಬರೆದೆಯಲ್ಲ. ಗಲ್ಲ ಬೆಣ್ಣೆಯಂತಿದೆ ಎಂದೆಯಲ್ಲ. ಬೆಣ್ಣೆಯಂತಿದ್ದ ಜಾಗದಲ್ಲಿ ಒಂದು ತಿಂಗಳಲ್ಲಿ ಕ್ಯಾನ್ಸರ್ ಆಗುತ್ತದೆಯೇ?

ಶುಕ್ರವಾರದ ರೈಲಿಗೆ ಬರುತ್ತಿದ್ದೇನೆ.

ಜಯಮಾಲಾ


ರಾವೂರ
21 ಮಾರ್ಚ್ 2024

ಜಯೀ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆದು ಟ್ರಂಕಿನ ತಳದಲ್ಲಿ ಇಡುತ್ತೇನೆ.

ಅವನ ಕೆಳದವಡೆಯ ಎಡಗಡೆಯ ಎಲುಬನ್ನೂ ಕೆಳತುಟಿಯ ಅರ್ಧವನ್ನೂ ತೆಗೆದ ಐದನೇ ದಿನ. ನೀನು ಕೆಳಗೆ ಔಷಧದ ಅಂಗಡಿಗೆ ಹೋಗಿದ್ದೆ. ಹೊಸ ನರ್ಸು ಪಟ್ಟಿ ಬದಲಿಸಲು ಬಂದಳು, ನಿನ್ನ ಮೈಸೂರು ಕಡೆಯ ಹುಡುಗಿ. ನನ್ನ ಕಿವಿಯ ಹತ್ತಿರ ಕೂಗಿ, ‘ಅಜ್ಜಿ, ಗಲ್ಲ ಸ್ವಲ್ಪ ಮೇಲಕ್ಕೆ ಎತ್ತಿ ಹಿಡ್ಕೊಳ್ಳಿ’ ಎಂದಳು. ನಾನು ಅವನ ಗಲ್ಲಕ್ಕೆ ಕೈ ಹಚ್ಚಿದೆ. ‘ಅಲ್ಲಲ್ಲ, ಗಲ್ಲ, ಗಲ್ಲ’ ಎಂದು ನನ್ನ ಕೈಯನ್ನು ಕೆಳಗೆ ತಂದು ಅವನ ಗದ್ದದ ಅಡಿಗೆ ಇಟ್ಟಳು.

‘ಇದಕ್ಕ ಏನಂತೀರವ್ವಾ ನಿಮ್ಮ ಕಡೆ?’ ಎಂದು ಕೇಳಿದೆ.

‘ಗಲ್ಲ.’

ನನ್ನ ಗಲ್ಲವನ್ನು ಮುಟ್ಟಿ ತೋರಿಸಿದೆ. ‘ಮತ್ತ ಇದಕ್ಕ?’

‘ಕೆನ್ನೆ. ಯಾಕಜ್ಜಿ?’

ಏನೂ ಇಲ್ಲ ಎಂದೆ. ಭಾಗಣ್ಣ ಮಲಗಿದಲ್ಲಿಂದಲೇ ನನ್ನನ್ನು ನೋಡಿದ. ಅವನಿಗೂ ತಿಳಿಯಿತು. ನಾನು ಬೇರೆ ಕಡೆ ನೋಡಿದೆ.

ಆರು ತಿಂಗಳು, ದಿನಕ್ಕೆ ಎರಡು ಸಲ, ನೂರು ಎಣಿಸಿ ಎಣಿಸಿ, ಏನೂ ಆಗದಿದ್ದ ಗಲ್ಲಕ್ಕೆ ಹಚ್ಚಿದ್ದೇನೆ. ಗದ್ದದ ಹಿಂದೆ ಮಚ್ಚೆ ಬೆಳೆಯುತ್ತಿತ್ತು. ಅದಕ್ಕೆ ನಿನ್ನ ಅಂಟು ಒಂದು ದಿನವೂ ತಾಗಿಲ್ಲ. ತಪಾಸಣೆಗೆ ಹೋಗಿ ಬಂದೆ ಎಂದು ಅವನು ಹೇಳಿದ ಸುಳ್ಳನ್ನೂ ನಂಬಿ ನಿನಗೆ ಬರೆದೆ. ನನಗೆ ಅನುಮಾನ ಬರಲಿಲ್ಲ ಎಂದರೆ ಸುಳ್ಳು. ಬಾಯಿಯ ಗೋಡೆಯಿಂದ ಔಷಧ ರಕ್ತಕ್ಕೆ ಇಳಿಯುತ್ತದೆ ಎಂದು ನೀನು ಬರೆದಿದ್ದೆ. ಎಲ್ಲಿ ಹಚ್ಚಿದರೂ ರಕ್ತ ಒಯ್ದು ಮುಟ್ಟಿಸುತ್ತದೆ ಎಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಅವನು ಮೊದಲ ದಿನವೇ ಹೇಳಿದ್ದ. ಬೆರಳಿಟ್ಟು ತೋರಿಸಿದ್ದ.

ನಿನಗೆ ಇದನ್ನು ಹೇಳಿದರೆ ನೀನು ಆ ಚೀಟಿಯನ್ನು ತೆಗೆದು ನೋಡುತ್ತೀ. ಆ ಅಕ್ಷರ ನಿನ್ನದು. ಆಸ್ಪತ್ರೆಯಲ್ಲಿ ಎಂಟು ದಿನ ಅವನ ಕಾಲ ಬಳಿ ಕುಂತಿದ್ದ ನಿನ್ನ ಮುಖ ನೋಡಿದ್ದೇನೆ. ಇದನ್ನು ಹೊರುವ ಶಕ್ತಿ ಆ ಮುಖಕ್ಕೆ ಇಲ್ಲ.

ಅಂಬುಬಾಯಿ


ಮೈಸೂರು
10 ಜೂನ್ 2024

ಆಯಿ,

ಅಪ್ಪನ ಮೂಗಿನ ನಳಿಕೆ ತೆಗೆದರೆಂದು ತಿಳಿಯಿತು. ಚಮಚದಲ್ಲಿ ಗಂಜಿ ಕುಡಿಯುತ್ತಾನೆಯೇ? ಫೋನಿನಲ್ಲಿ ಅವನು ಉಸಿರಾಡುವುದು ಮಾತ್ರ ಕೇಳುತ್ತದೆ. ನಾನು ಮಾತಾಡುತ್ತಲೇ ಇರುತ್ತೇನೆ.

ಒಂದು ವಿಷಯ ಕೇಳಬೇಕು. ಮೈಸೂರಿನ ಹನ್ನೆರಡು ಜನರಲ್ಲಿ ಒಂಬತ್ತು ಜನರಿಗೆ ಮಚ್ಚೆ ಕರಗಿದೆ. ಕಲಬುರಗಿಯ ಹನ್ನೊಂದು ಜನರಲ್ಲಿ ಒಬ್ಬರಿಗೂ ಇಲ್ಲ. ಒಂದೇ ಟ್ಯೂಬು, ಒಂದೇ ಔಷಧ. ಸರ್ ಹೇಳುತ್ತಾರೆ: ‘ಆ ಕಡೆಯವರು ತಂಬಾಕು ಬಿಡಲ್ಲ, ಮೆಣಸಿನಕಾಯಿ ಬಿಡಲ್ಲ. ಅಂಥ ಬಾಯಲ್ಲಿ ಅಂಟು ಹೇಗಮ್ಮ ನಿಲ್ಲುತ್ತೆ?’ ನನಗೆ ಸಿಟ್ಟು ಬಂತು.

ಹಚ್ಚಿದವರಲ್ಲಿ ನಾನು ನಂಬಬಹುದಾದವಳು ನೀನೊಬ್ಬಳೇ. ಗಾಯದ ಮೇಲೆಯೇ ಹಚ್ಚಿದೆಯಾ? ಆರು ತಿಂಗಳೂ ಹಚ್ಚಿದೆಯಾ? ನೀನು ಸರಿಯಾಗಿ ಹಚ್ಚಿಯೂ ಹೀಗಾಗಿದ್ದರೆ ತಪ್ಪು ಮುಲಾಮಿನದು. ಹಚ್ಚಿದ್ದರಲ್ಲಿ ಏನಾದರೂ ಹೆಚ್ಚುಕಡಿಮೆ ಇದ್ದರೆ ಆ ಕಡೆಯವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ನಾನು ಜಗಳ ಮಾಡಬಹುದು. ಜುಲೈ ಕೊನೆಗೆ ವರದಿ ಹೋಗುತ್ತದೆ. ಇದ್ದದ್ದು ಇದ್ದಂತೆ ಬರೆ.

ಜಯಮಾಲಾ


ರಾವೂರ
1 ಜುಲೈ 2024

ಜಯೀ,

ಗಾಯದ ಮೇಲೇ ಹಚ್ಚಿದೆ. ಒಂದು ಹೊತ್ತೂ ತಪ್ಪಿಸಿಲ್ಲ. ನನಗೆ ಕಿವಿ ಇಲ್ಲ, ಕಣ್ಣು ಇವೆ. ಇದನ್ನು ಇನ್ನೊಮ್ಮೆ ಕೇಳಬೇಡ.

ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ, ಅವನ ತಂಬಾಕಿನದು. ಗಂಜಿ ಕುಡಿಯುತ್ತಾನೆ. ಅರ್ಧ ಹೊಟ್ಟೆಗೆ, ಅರ್ಧ ಟವೆಲಿಗೆ.

ಅಂಬುಬಾಯಿ


ಮೈಸೂರು
14 ಸೆಪ್ಟೆಂಬರ್ 2024

ಆಯಿ,

ನೀನು ಬರೆದ ಮಾತನ್ನು ಸರ್‌ಗೆ ಹೇಳಿದೆ. ‘ನೋಡಮ್ಮ, ಅಷ್ಟು ಶ್ರದ್ಧೆಯಿಂದ ಹಚ್ಚಿದವರಿಗೇ ಆಗಲಿಲ್ಲ’ ಎಂದರು. ಹಚ್ಚಿದವರು ತಪ್ಪಿಲ್ಲ ಎಂಬುದಕ್ಕೆ ವರದಿಯಲ್ಲಿ ಏಳನೇ ನಂಬರಿನ ಉದಾಹರಣೆಯನ್ನೇ ಕೊಟ್ಟಿದ್ದಾರೆ. ಆ ಭಾಗದವರಿಗೆ ಈ ಮುಲಾಮು ಹಿಡಿಸುವುದಿಲ್ಲ, ಕಲಬುರಗಿಯಲ್ಲಿ ಇದನ್ನು ನಿಲ್ಲಿಸಬೇಕು ಎಂದು ಬರೆದರು. ಎರಡನೇ ಪಟ್ಟಿ ರದ್ದಾಯಿತು. ಮುಜಾಹಿದ್ ಕಾಕಾನ ಹೆಸರು ಅದರಲ್ಲಿತ್ತು. ವರದಿಗೆ ನನ್ನ ಸಹಿಯೂ ಇದೆ.

ನನಗೆ ಉಳಿದಿರುವುದು ಒಂದೇ ಮಾತು. ಮೊದಲೇ ಆ ಮಚ್ಚೆಯನ್ನು ಕತ್ತರಿಸಿ ತೆಗೆಸಿದ್ದರೆ ಅಪ್ಪನ ದವಡೆ ಉಳಿಯುತ್ತಿತ್ತು. ಅದನ್ನು ತೆಗೆಸಬೇಡಿ, ನನ್ನ ಮುಲಾಮು ಹಚ್ಚಿ ಎಂದವಳು ನಾನು. ಆರು ತಿಂಗಳು ನೀನು ನಂಬಿಕೆಯಿಂದ ಗಾಯದ ಮೇಲೆ ಹಚ್ಚಿದ್ದು ನನ್ನ ಬರೀ ಗೋಂದನ್ನು. ದಸರಾಕ್ಕೆ ಊರಿಗೆ ಬರುವುದಿಲ್ಲ. ಅಪ್ಪನ ಎದುರಿಗೆ ಕೂರಲು ನನ್ನಿಂದ ಆಗುವುದಿಲ್ಲ.

ಜಯಮಾಲಾ


ರಾವೂರ
2 ಅಕ್ಟೋಬರ್ 2024

ಜಯೀ,

ಜುಲೈನಲ್ಲಿ ಬರೆದದ್ದು ಸುಳ್ಳು. ಮಾರ್ಚಿನಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅದನ್ನು ಮೊದಲು ಓದು, ಆಮೇಲೆ ಇದನ್ನು.

ಓದಿದೆಯಾ?

ನಿನ್ನ ಮುಲಾಮಿಗೆ ಏನೂ ಆಗಿಲ್ಲ. ನನ್ನ ಮಗನ ಗಲ್ಲ ಇವತ್ತಿಗೂ ಬೆಣ್ಣೆಯಂತಿದೆ. ಉಳಿದ ಹತ್ತು ಮನೆಗಳಲ್ಲೂ ಇದೇ ಆಗಿರಬೇಕು, ಕಲಬುರಗಿ ಸೀಮೆಯಲ್ಲಿ ಗಲ್ಲ ಎಂದರೆ ಯಾರೂ ಗದ್ದ ಮುಟ್ಟುವುದಿಲ್ಲ. ನಿನಗೆ ನೋವಾಗಬಾರದು ಎಂದು ಮುಚ್ಚಿಟ್ಟೆ. ಈಗ ನೋಡಿದರೆ ನೀನು ಬೇರೆ ದಾರಿ ಹಿಡಿದು ಅದೇ ನೋವಿಗೆ ಹೋಗಿ ಬಿದ್ದಿದ್ದೀ. ನನ್ನ ಸುಳ್ಳು ಯಾರನ್ನೂ ಉಳಿಸಲಿಲ್ಲ. ಮುಜಾಹಿದ್‌ನನ್ನೂ ಕೆಡಿಸಿತು.

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ಯೋಚನೆ ಮಾಡಿದೆ. ಚೀಟಿ ಸರಿಯಿತ್ತು, ಮುಲಾಮು ಸರಿಯಿತ್ತು, ಈ ಮುದುಕಿಗೆ ಓದಲು ಬರುವುದಿಲ್ಲ, ಬರುತ್ತದೆಂದು ಓಣಿಯ ತುಂಬ ಜಂಬ ಕೊಚ್ಚಿಕೊಂಡಳು, ತಪ್ಪು ಹಚ್ಚಿದಳು ಎಂದು ಬರೆದರೆ ಹೇಗೆ? ಆಗ ನಿನ್ನ ಮೇಲೆ ಏನೂ ಬರುವುದಿಲ್ಲ. ಚಲೋ ಸುಳ್ಳು. ಕನ್ನಡಕ ಹಾಕಿಕೊಂಡು ಕುಂತೆ. ‘ನನಗೆ ಓದು ಬರಹ ಬರುವುದಿಲ್ಲ’ ಎಂದು ನನ್ನ ಕೈಯಿಂದಲೇ ಬರೆದೆ. ಬರೆದು ಅದನ್ನು ನೋಡಿದೆ. ಹರಿದು ಒಲೆಗೆ ಹಾಕಿದೆ.

ಭಾಗಣ್ಣನಿಗೆ ಎಲ್ಲ ಓದಿ ಹೇಳಿದ್ದೇನೆ. ‘ಮೊದಲ ದಿನ ನೀ ಖರೇ ಹೇಳಿದ್ದಿ, ನಿನ್ನ ಬಾಯಿ ಮುಚ್ಚಿಸಿದಾಕಿ ನಾ’ ಎಂದೆ. ಅವನು ನನ್ನ ಕೈ ಹಿಡಿದು ತನ್ನ ಗಲ್ಲದ ಮೇಲೆ ಇಟ್ಟುಕೊಂಡ. ಬೈದಿದ್ದರೆ ಚಲೋ ಇತ್ತು. ಬೈಯಲು ಅವನಿಗೆ ಬಾಯಿ ಎಲ್ಲಿದೆ?

ಇದನ್ನು ನಿಮ್ಮ ಸರ್‌ಗೆ ತೋರಿಸು. ನನ್ನ ಹೆಸರು, ಊರು ಎಲ್ಲ ಹೇಳು. ಆ ಟ್ಯೂಬು ತಿರುಗಿ ಕಳಿಸಲಿ.

ಅಂಬುಬಾಯಿ


ಮೈಸೂರು
19 ಅಕ್ಟೋಬರ್ 2024

ಆಯಿ,

ಎರಡೂ ಕಾಗದ ಮೊನ್ನೆ ಸಿಕ್ಕವು. ದಸರೆಯ ರಜೆಯೆಂದು ಹಾಸ್ಟೆಲಿನ ಕಚೇರಿ ಮುಚ್ಚಿತ್ತು.

ಚೀಟಿಯ ನನ್ನ ಮೊದಲ ಪ್ರತಿಯನ್ನು ಹುಡುಕಿ ತೆಗೆದೆ. ಪಟ್ಟಿಗೆ ತೆಗೆದುಕೊಂಡದ್ದು ಕೆಳತುಟಿಯ ಹಿಂದೆ ಮಚ್ಚೆ ಇದ್ದವರನ್ನೇ, ಅದಕ್ಕೆ ಅದರಲ್ಲಿ ನಾನು ‘ಗದ್ದದ ಒಳಬದಿಗೆ’ ಎಂದೇ ಬರೆದಿದ್ದೆ. ಸರ್ ‘ಗದ್ದ’ ಹೊಡೆದು ‘ಗಲ್ಲ’ ಮಾಡಿದ್ದಾರೆ. ‘ಗದ್ದ ಸ್ವಲ್ಪ ಒರಟು ಕಣಮ್ಮ’ ಎಂದಿದ್ದರು. ನಾನು ನಕ್ಕು ಹೂಂ ಎಂದಿದ್ದೆ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಮಾತಿಗೆ ಎಲ್ಲರೂ ನಗುತ್ತಿದ್ದರು. ಆರು ವರ್ಷದಲ್ಲಿ ಅವರ ಮಾತು ಎಷ್ಟು ಚೆನ್ನಾಗಿ ಕಲಿತೆನೆಂದರೆ, ನೀನು ಗಲ್ಲಕ್ಕೆ ಹಚ್ಚುತ್ತಿದ್ದೇನೆ ಎಂದು ಬರೆದಾಗ ನನಗೆ ಕಂಡದ್ದು ಅಪ್ಪನ ಗದ್ದ. ಸರಿಯಾಗಿದೆ, ಮುಂದುವರಿಸು ಎಂದು ಬರೆದವಳು ನಾನೇ. ನೀನು ಒಲೆಗೆ ಹಾಕಿದ ಆ ಸುಳ್ಳಿನಿಂದಲೂ ಇದನ್ನು ಮುಚ್ಚಲು ಆಗುತ್ತಿರಲಿಲ್ಲ.

ನಿನ್ನ ಕಾಗದಗಳನ್ನು ಸರ್ ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ. ಎರಡು ಸಲ ಓದಿದರು. ಆಮೇಲೆ, ‘ಗದ್ದ, ಗಲ್ಲ ಎರಡೂ ಒಂದೇ ಅಲ್ವೇನಮ್ಮ?’ ಎಂದರು. ನಮ್ಮ ಕಡೆ ಗಲ್ಲ ಎಂದರೆ ಕೆನ್ನೆ ಎಂದು ಅವರ ಮುಖದಲ್ಲೇ ತೋರಿಸಿ ಹೇಳಿದೆ. ವರದಿ ಹೋಗಿ ಆಗಿದೆ, ಜುಲೈನಲ್ಲಿ ಒಂದು ಬರೆದು ಅಕ್ಟೋಬರಿನಲ್ಲಿ ಇನ್ನೊಂದು ಬರೆದರೆ ಯಾವುದನ್ನು ನಂಬುವುದು ಎಂದು ಮೇಲಿನವರು ಕೇಳುತ್ತಾರೆ ಎಂದರು. ಮತ್ತೆ ಅರ್ಜಿ ಹಾಕಬಹುದಂತೆ. ವರ್ಷವೋ ಎರಡು ವರ್ಷವೋ.

ಕಲಬುರಗಿಯಲ್ಲಿ ಉಳಿದಿದ್ದ ಟ್ಯೂಬುಗಳನ್ನು ಈ ತಿಂಗಳ ಹದಿನಾಲ್ಕಕ್ಕೆ ಸುಟ್ಟರು. ಮುಜಾಹಿದ್ ಕಾಕಾನಿಗೆ ಕಾಯಬೇಡ ಎಂದು ಹೇಳು. ಕೂಡಲೇ ಆಸ್ಪತ್ರೆಗೆ ಹೋಗಿ ಮಚ್ಚೆಯನ್ನು ಕತ್ತರಿಸಿ ತೆಗೆಸಲಿ.

ಅಪ್ಪನ ಬಗ್ಗೆ ಬರೆ. ಏನಿದ್ದರೂ ಬರೆ.

ಜಯಮಾಲಾ


ರಾವೂರ
11 ನವೆಂಬರ್ 2024

ಜಯೀ,

ಮುಜಾಹಿದ್‌ನನ್ನು ನಾಹಿದ ಎಳೆದುಕೊಂಡು ಹೋದಳು. ಮಚ್ಚೆ ಕತ್ತರಿಸಿ ತೆಗೆದರಂತೆ. ಪರೀಕ್ಷೆಗೆ ಕಳಿಸಿದ್ದಾರೆ, ಇನ್ನೂ ಏನೂ ಹೇಳಿಲ್ಲ. ‘ಅಮ್ಮಾ, ನಿಮ್ಮ ಟ್ಯೂಬು ಮತ್ತ ಯಾವಾಗ ಬರ್ತದ?’ ಎಂದು ನಾಹಿದ ದಿನಾ ಕೇಳುತ್ತಾಳೆ. ಕಿವಿ ಕೇಳದವಳ ಹಾಗೆ ಕುಂತಿರುತ್ತೇನೆ. ಕಿವುಡುತನದಿಂದ ಇಷ್ಟಾದರೂ ಉಪಯೋಗ ಆಯಿತು.

ಏನಿದ್ದರೂ ಬರೆ ಎಂದೆ. ಬರೆಯುತ್ತೇನೆ. ಮೊನ್ನೆ ಭಾಗಣ್ಣನಿಗೆ ಎಣ್ಣೆ ಹಚ್ಚುವಾಗ ಕುತ್ತಿಗೆಯಲ್ಲಿ ಗಂಟು ಕೈಗೆ ಹತ್ತಿತು. ಕಡಲೆ ಕಾಳಿಗಿಂತ ದೊಡ್ಡದು, ಅಡಿಕೆಗಿಂತ ಸಣ್ಣದು. ಕಲ್ಲಿನಷ್ಟು ಗಟ್ಟಿ. ಒತ್ತಿದರೆ ಸರಿಯುವುದಿಲ್ಲ, ನೋವೂ ಇಲ್ಲವಂತೆ. ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಈ ಸಲ ಹೋಗುವುದಿಲ್ಲ ಎಂದು ಅವನು ತಲೆ ಅಲ್ಲಾಡಿಸಲಿಲ್ಲ. ಅದೇ ನನಗೆ ಹೆದರಿಕೆ.

ಗಂಟು ಕುತ್ತಿಗೆಯಲ್ಲಿ ಸರಿಯಾಗಿ ಎಲ್ಲಿದೆ ಎಂದು ಬರೆಯಲು ಮೂರು ಸಲ ಶುರು ಮಾಡಿ ಹೊಡೆದು ಹಾಕಿದ್ದೇನೆ, ಮೇಲೆ ಕಾಣಬಹುದು. ನಾನು ಯಾವ ಮಾತು ಬರೆದರೆ ನಿನ್ನ ಕಡೆಯವರು ಅದನ್ನು ಯಾವ ಜಾಗ ಎಂದು ಓದುತ್ತಾರೋ ನನಗೆ ಈಗ ಧೈರ್ಯವಿಲ್ಲ. ಅದಕ್ಕೆ ಹಿಂದಿನ ಪುಟದಲ್ಲಿ ಮುಖ, ಕುತ್ತಿಗೆಯ ಚಿತ್ರ ಬಿಡಿಸಿ ಚುಕ್ಕೆ ಇಟ್ಟಿದ್ದೇನೆ. ಅಲ್ಲಿಯ ಡಾಕ್ಟರರಿಗೆ ತೋರಿಸು, ಏನನ್ನುತ್ತಾರೆ ಬರೆ.

ಚಿತ್ರ ಚಲೋ ಬಂದಿಲ್ಲ. ನಿನ್ನ ಅಪ್ಪನ ಹಾಗೆ ಕಾಣುವುದಿಲ್ಲ. ಈಗ ಅವನೂ ಅವನ ಹಾಗೆ ಕಾಣುವುದಿಲ್ಲ. ಚುಕ್ಕೆ ಇಟ್ಟ ಜಾಗ ಮಾತ್ರ ಸರಿಯಾಗಿದೆ, ಅವನ ಬೆರಳು ಹಿಡಿದು ಅವನಿಂದಲೇ ಇಡಿಸಿದ್ದೇನೆ.

ಅಂಬುಬಾಯಿ